ಪಿನ್ನು ಚುಚ್ಚಿದ ಚೀಟಿ

ಎಡಮೂಲೆಗೆ ಪಿನ್ನು, ಪಿನ್ನಿಗೊಂದು ಚೀಟಿ,
ಚೀಟಿಯಲ್ಲಿ ನೀಲಿ ಶಾಯಿಯ ನಾಲ್ಕು ಸಾಲು.
ಬಹುಮಾನದ ರಿಬ್ಬನ್ನು ಪಕ್ಕದ ಕೌದಿಗೆ,
ಇರಲಿ, ನಂಜನಗೂಡಿನವರು, ಕೈ ಚುರುಕು.

    ಟಾಕು ಒಂದೇ ಸಮ ಇಲ್ಲ.
    ಮೂಲೆ ಕೂಡಿಲ್ಲ.
    ಎರಡು ಕೈ ಕಾಣುತ್ತದೆ.
    ಬಣ್ಣಗಳ ಆಯ್ಕೆ ಚೆನ್ನಾಗಿದೆ.

ಕೃಷ್ಣಮೂರ್ತಿಪುರದ ಛತ್ರ. ಹಿಂದಿನ ದಿನದ ಮದುವೆಯ
ಸೀರಿಯಲ್ ಲೈಟು ಇನ್ನೂ ಬಿಚ್ಚಿರಲಿಲ್ಲ.
ಊಟದ ಹಾಲಿನಲ್ಲಿ ನೈಲಾನ್ ಹಗ್ಗ ಕಟ್ಟಿ
ಹದಿನೇಳು ಕೌದಿ ನೇತುಹಾಕಿದ್ದರು,
ಸಾರಿನ ವಾಸನೆ ಅವಕ್ಕೂ ಹತ್ತಿತ್ತು.

ತೀರ್ಪು ಕೊಡುವವರು ಬಂದರು. ಕೊರಳಲ್ಲಿ ಸರದ ಕನ್ನಡಕ.
ಎಲ್ಲರೂ ಮುಂಬದಿ ನೋಡಿ ತಲೆದೂಗುವಾಗ
ಆಕೆ ಅಂಚು ಎತ್ತಿ ಹಿಂಬದಿ ನೋಡಿದರು,
ಸೊಪ್ಪಿನ ಕಟ್ಟು ಬಿಡಿಸಿ
ಒಳಗಿನ ಕೊಳೆತ ಎಲೆ ಹುಡುಕುವ ಹಾಗೆ.
ಹೆಬ್ಬೆರಳ ಉಗುರಿನಿಂದ ಒಂದು ಟಾಕನ್ನು ಮೀಟಿದರು.
ನನ್ನ ಬೆನ್ನ ಮೇಲೆ ಮೀಟಿದ ಹಾಗಾಯಿತು.

ಉತ್ತರಗಳೆಲ್ಲ ಬಸ್ಸು ಹತ್ತಿದ ಮೇಲೆ ಬಂದವು.
ಮೇಡಂ, ನಿಮ್ಮ ಸೂಜಿಗೆ ಎಂದಾದರೂ
ಪೊಲೀಸ್ ಪ್ಯಾಂಟಿನ ಖಾಕಿ ಸಿಕ್ಕಿತ್ತೇ?
ಕರೆಂಟು ಹೋದ ಮೂರು ಸಂಜೆ, ಕಣ್ಣಿನ ಪೊರೆ,
ಇವಕ್ಕೆಲ್ಲ ಎಷ್ಟು ಅಂಕ ಕಳೆಯುತ್ತೀರಿ?
ಕಂಡಕ್ಟರ್ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ,
ಗಂಟು ನೋಡಿ, ಇದಕ್ಕೆ ಲಗೇಜು, ಎಂದ.
ಅವನ ಮೇಲೆ ರೇಗಿದೆ. ಪಾಪ, ಅವನದೇನು.

ಪಡುವಾರಹಳ್ಳಿ. ಬಾಗಿಲು ಹಾಕಿ, ಟ್ಯೂಬ್‌ಲೈಟಿನ ಕೆಳಗೆ
ಕೌದಿ ಮಗುಚಿದೆ.

ಮೂಲೆ ಕೂಡಿಲ್ಲ. ಹೌದು, ಕೂಡಿಲ್ಲ.
ಹೆಸರು ಕೊಡಲು ಕೊನೆಯ ದಿನ, ಅರ್ಧ ಬೆರಳು ಬಟ್ಟೆ
ಮಡಿಸಿ ಒಳಗೆ ತುರುಕಿದ್ದೆ,
ನೆಂಟರು ಬಂದಾಗ ಒಗೆಯದ ಬಟ್ಟೆಯನ್ನು
ಮಂಚದ ಕೆಳಗೆ ತಳ್ಳಿದ ಹಾಗೆ.
ನನಗೆ ಗೊತ್ತಿತ್ತು. ಪಿನ್ನು ಸರಿಯಾಗಿ ಅಲ್ಲಿಗೇ ಚುಚ್ಚಿದ್ದಾರೆ.

ಎರಡು ಕೈ. ಇದನ್ನು ಹೇಗೆ ಕಂಡಳೋ ಪುಣ್ಯಾತ್ಗಿತ್ತಿ!
ಕ್ಲಾಸಿಗೆ ಬರುವ ಸಿಂಚನ, ಒಂದು ಮಧ್ಯಾಹ್ನ
ನಾನು ಅಕ್ಕಿ ಆರಿಸುವಾಗ, ಕೇಳದೆಯೇ
ಕೌದಿ ತೊಡೆಗೆಳೆದುಕೊಂಡು
ಗೆಳತಿಯ ಜೊತೆಗಿನ ಜಗಳ ಹೇಳುತ್ತ ಹೇಳುತ್ತ
ಒಂದೂವರೆ ಸಾಲು ಹೊಲಿದಿದ್ದಳು.
ಜಗಳ ಜೋರಾದಲ್ಲಿ ಟಾಕು ಉದ್ದ.
ಅಳು ಬಂದಲ್ಲಿ ಇರುವೆ ಸಾಲು.

ಬಣ್ಣಗಳ ಆಯ್ಕೆ
(ಇದೊಂದನ್ನು ಬಸ್ಸಿನಲ್ಲಿ ಆರು ಸಲ ಓದಿದ್ದೆ)
ಇಡೀ ಚೀಟಿಯಲ್ಲಿ ಇದೊಂದೇ ಸುಳ್ಳು.
ನಾನೆಲ್ಲಿ ಆಯ್ದೆ? ರವಿಕೆ ಕತ್ತರಿಸಿ ಉಳಿದ ಚೂರು,
ಕೊಟ್ಟವರು ವಾಪಸು ಕೇಳದೆ ಹೋದದ್ದು.
ಹಳದಿಯ ಪಕ್ಕ ನೇರಳೆ ಬಿತ್ತಲ್ಲ,
ಹಳದಿಯವರ ನಾದಿನಿ ನೇರಳೆಯವರು,
ಒಂದೇ ಆಟೋದಲ್ಲಿ ಬಂದಿದ್ದರು, ಅಷ್ಟೇ.

ಇಪ್ಪತ್ತೆರಡು ವರ್ಷ ನಾನು ಹೇಳಿಕೊಟ್ಟ ಪಾಠ ಒಂದೇ: ಬಿಚ್ಚು.
ಕಂಕುಳು ಎಳೆಯುತ್ತೆ, ಬಿಚ್ಚು.
ಕಾಜ ಮೇಲಾಯಿತು, ಬಿಚ್ಚು.
ಹುಡುಗಿಯರು ಮೂಗೊರೆಸಿಕೊಂಡು ಬ್ಲೇಡು ಹುಡುಕುವಾಗ
ನಾನು ಕಾಫಿ ಕುಡಿಯುತ್ತಿದ್ದೆ,
ಲೋಟ ಎತ್ತಿ, ತಣ್ಣಗೆ.

ಬ್ಲೇಡು ತಂದೆ. ಮೂಲೆ ಬಿಚ್ಚಿದೆ.
ಒಳಗೆ ಅಮ್ಮನ ಸೀರೆಯ ಪದರ, ಅದರೊಳಗೆ
ದೀಪಾವಳಿಯಿಂದ ನೆಲವೆಲ್ಲ ಗುಡಿಸಿ ಗುಡಿಸಿ ಹುಡುಕಿದ್ದ
ಮುರಿದ ಸೂಜಿಯ ತುದಿ.
ಯಾರು ಹೊದ್ದಿದ್ದರೂ, ಯಾವ ರಾತ್ರಿಯಾದರೂ,
ಮಗ್ಗುಲಾಗುವಾಗ ಚುಚ್ಚುತ್ತಿತ್ತು.
ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೆ.
ಆಕೆಗೆ ಇದೂ ಗೊತ್ತಿತ್ತೇ? ಇರಲಿಕ್ಕಿಲ್ಲ.

ಮೂಲೆ ಮತ್ತೆ ಹೊಲಿದು, ಉಳಿದ ಕೆಂಪು ದಾರವನ್ನು
ಚೀಟಿ ಮಡಿಸಿ ಅದಕ್ಕೇ ಸುತ್ತಿಟ್ಟೆ.
ನಾಲ್ಕನೆಯ ಸಾಲು ಎಲ್ಲಕ್ಕಿಂತ ಮೊದಲು ಮುಚ್ಚಿತು.

ಸಿಂಚನಳ ಒಂದೂವರೆ ಸಾಲು ಹಾಗೇ ಇದೆ.
ಬೆಳಿಗ್ಗೆ ಹತ್ತಕ್ಕೆ ಬರುತ್ತಾಳೆ,
ಏನಂದರು ಆಂಟಿ, ಎನ್ನುತ್ತಾಳೆ.
ಬ್ಲೇಡು ಮೆಷಿನ್ನಿನ ಡ್ರಾಯರಿನಲ್ಲಿದೆ.
ಡ್ರಾಯರು ಪೂರ್ತಿ ಮುಚ್ಚಿಲ್ಲ.