ನೆಲ ಮುಟ್ಟದ ಕಾಲು

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ,
ಆರಡಿಗೆ ಎಂಟಡಿ.
ರೆಸಿಸ್ಟರ್ ಹತ್ತಕ್ಕೆ ಐದು ರೂಪಾಯಿ,
ಸಾಸಿವೆಗಿಂತ ತುಸು ದೊಡ್ಡ ಕೆಂಪು ದೀಪ ಒಂದಕ್ಕೆ ಎರಡು.
ಪ್ರಶ್ನೆಗೆ ಬೆಲೆ ಇಟ್ಟಿಲ್ಲ,
ಹಾಗಾಗಿ ಅದೇ ಜಾಸ್ತಿ ಬರುತ್ತೆ.

"ಯಜಮಾನ್ರು ಇಲ್ವಾ?" ಅಂತಾರೆ ಮೊದಲು.
ಇದ್ದೀನಲ್ಲ, ಅಂತೀನಿ.

ನನಗೆ ಗೊತ್ತಿರೋದು ಡಬ್ಬಿಗಳು,
ಯಾವ ಡಬ್ಬಿಯಲ್ಲಿ ಏನು,
ಊರಲ್ಲಿ ಯಾರ ತಲೆಯಲ್ಲಿ ಏನು.
ಸ್ಪೀಕರ್ ಗುಂಯ್ ಅಂದರೆ ಮಸೀದಿ ಹಿಂದಿನ ರಜಾಕ್ ಸಾಬರು,
ಮೂರು ಗಂಟೆಗೆ ಮೊದಲು ಹೋದರೆ ಬೈಗುಳ ಮಾತ್ರ ಸಿಗುತ್ತೆ.
ಮೋಟರ್ ಸುಟ್ಟರೆ ಆಟೋ ಕಾಂಪ್ಲೆಕ್ಸಿನ ಫಿಲೋಮಿನಾ,
ತಂತಿ ಸುತ್ತು ಎಣಿಸುವಾಗ ಮಾತಾಡಿಸಬಾರದು.
ಪ್ರೋಗ್ರಾಂ ಕೈಕೊಟ್ಟರೆ ಪಾಲಿಟೆಕ್ನಿಕ್ ಹಾಸ್ಟೆಲ್ಲಿನ ಹುಡುಗರು,
ಫೀಸು ಎರಡು ಪ್ಲೇಟ್ ಮಂಡಕ್ಕಿ.
ಕರೆಂಟ್ ಕಂಬ ಮುಟ್ಟುವ ಪ್ರಶ್ನೆಯಾದರೆ
ಯಾರ ಹತ್ತಿರಕ್ಕೂ ಕಳಿಸಲ್ಲ,
ಮನೆಗೆ ಕಳಿಸ್ತೀನಿ.

ಹಾಲೇಶ ಬಂದ. ಹೊಸನಗರದ ಬಸ್ಸಿನ ಕಂಡಕ್ಟರು,
ಎರಡು ಟ್ರಿಪ್ಪಿನ ನಡುವೆ ನಲವತ್ತು ನಿಮಿಷ.
ಟಿಕೆಟ್ ಬ್ಯಾಗಿನಿಂದ ಒಂದು ಸೋಪಿನ ಡಬ್ಬಿ ತೆಗೆದ,
ಒಳಗೆ ವೈರು, ಚಿಪ್ಪು, ಅವನದೇ ಬೆಸುಗೆ,
ಜೇಡ ಕುಡಿದು ಕಟ್ಟಿದ ಬಲೆಯ ಹಾಗೆ.
"ಅಕ್ಕ, ಇದು ಸರಿ ಕೆಲಸ ಮಾಡ್ತಿಲ್ಲ."

ಹೊಟ್ಟೆನೋವು ಅಂದರೆ ಡಾಕ್ಟರೂ ಎಲ್ಲಿ ಅಂತ ಕೇಳ್ತಾರೆ.
ಹಳೇ ಬಿಲ್ಲಿನ ಹಿಂಬದಿ ಕೊಟ್ಟೆ, ಪೆನ್ನು ಕೊಟ್ಟೆ: ಬರಿ.

ಬರೆದ: ಅಮ್ಮನಿಗೆ ಕಿವಿ ಕೇಳಲ್ಲ.
ಬಾಗಿಲ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ದೀಪ ಹತ್ತಬೇಕು.
ಹತ್ತುತ್ತೆ.
ಯಾರೂ ಒತ್ತದಿದ್ದರೂ ಹತ್ತುತ್ತೆ.
ಅಮ್ಮ ಹೋಗಿ ಬಾಗಿಲು ತೆಗೀತಾಳೆ. ಯಾರೂ ಇರಲ್ಲ.

ಓದಿ, ಸರಿಯಾಗಿಯೇ ಇದ್ದ ಡಬ್ಬಿಗಳನ್ನು
ಸ್ವಲ್ಪ ಹೊತ್ತು ಸರಿ ಮಾಡಿದೆ.

ಚೀಟಿ ಹೊರಟಿತು, ಟ್ರಿಪ್ಪಿಗೊಂದು ಬಾಗಿಲು.
ರಜಾಕ್ ಸಾಬರ ಪೆನ್ಸಿಲ್ಲು: ನನ್ನ ಕೇಸಲ್ಲ. ವೈರ್ ಎಷ್ಟುದ್ದ?
ಹಾಲೇಶ: ಮೂವತ್ತಡಿ.
ಹಾಸ್ಟೆಲ್ಲಿನಿಂದ: ಪ್ರೋಗ್ರಾಂ ಸರಿ ಇದೆ,
ಸಹಿಯ ಜಾಗದಲ್ಲಿ ಮಂಡಕ್ಕಿಯ ಎಣ್ಣೆ.
ಫಿಲೋಮಿನಾ: ನನ್ನ ಹತ್ತಿರ ಯಾಕೆ ಕಳಿಸಿದ್ರಿ?
ಕೆಳಗೆ, ಬೇರೆ ಶಾಯಿಯಲ್ಲಿ, ರಾತ್ರಿ ಯೋಚಿಸಿ ಬರೆದದ್ದಿರಬೇಕು:
ಯಾವಾಗ ಹತ್ತುತ್ತೆ?
"ಯಾವಾಗ" ಕೆಳಗೆ ಎರಡು ಗೆರೆ.

ದಿನವಿಡೀ ಬಸ್ಸಿನಲ್ಲಿರುವವನಿಗೆ ಏನು ಗೊತ್ತು?
ಅಂತೂ ಚೀಟಿ ಗೋಪಾಳದ ಅವನ ಮನೆಗೇ ಹೋಯಿತು.

ಕೈಸನ್ನೆಯಲ್ಲಿ ಕೇಳಿದನಂತೆ. ಅಮ್ಮ ನಕ್ಕಳಂತೆ.
ಅವನ ಅಂಗೈ ಹಿಡಿದು ಅಡುಗೆಮನೆ ಗೋಡೆಗೆ ಒತ್ತಿದಳಂತೆ.
ಏಳೂವರೆ. ಗೋಡೆ ಜುಮ್ಮೆಂದಿತು.
ದೀಪ ಹತ್ತಿತು.
ಹಿಂದೆಯೇ ಕಿಟಕಿಯಿಂದ ಒಗ್ಗರಣೆಯ ಘಮ.
ಪಕ್ಕದ ಮನೆಯ ಮಿಕ್ಸಿ.

ಮೂರು ತಿಂಗಳಿಂದ ಅವಳಿಗೆ ಗೊತ್ತು.
ಯಾರೂ ಕೇಳಿರಲಿಲ್ಲ.
"ಗೊತ್ತಿದ್ದೂ ಬಾಗಿಲು ಯಾಕೆ ತೆಗೀತಿದ್ದೆ?"
ಬೆರಳುಗಳು ಹೇಳಿದವು:
ಒಮ್ಮೊಮ್ಮೆ ನಿಜವಾಗಲೂ ಯಾರೋ ಇರ್ತಾರೆ.

ಆಮೇಲೆ ಉತ್ತರ ಫಿಲೋಮಿನಾಗೆ ಊಟದ ಬಿಡುವಿನ ಕೆಲಸ:
ಚಿಪ್ಪಿನ ಒಂದು ಕಾಲು ನೆಲ ಮುಟ್ಟಿಲ್ಲ,
ಗಾಳಿಯಲ್ಲಿ ತೇಲ್ತಾ ಇದೆ,
ಉದ್ದದ ವೈರಿನಲ್ಲಿ ಬಂದ ಯಾರ ಗಲಾಟೆಗೂ ಓಗೊಡ್ತಿದೆ.
ಕಟ್ಟಿ ನೆಲಕ್ಕೆ.

ಹತ್ತು ಕೆ ಒಂದು,
೧೦೪ ಅಂತ ಬರೆದ, ತೊಗರಿಬೇಳೆಯಷ್ಟು ಕೆಪಾಸಿಟರ್ ಒಂದು.
ಎರಡೂವರೆ ರೂಪಾಯಿ. ಐದು ಕೊಟ್ಟ.
ಚಿಲ್ಲರೆ ಇಲ್ಲ, ಅಂದೆ, ಕಂಡಕ್ಟರಿಗೆ.
ಅವನ ಮುಖ ನೋಡಬೇಕಿತ್ತು.

ನಿನ್ನೆ ಮತ್ತೆ ಬಂದಿದ್ದ. ದೀಪ ಸುಮ್ಮನೆ ಹತ್ತುತ್ತಿಲ್ಲ.
ಆದರೆ ಅಮ್ಮನದು ಹೊಸ ದೂರು:
ಪಕ್ಕದ ಮನೆಯಲ್ಲಿ ಚಟ್ನಿ ಯಾವಾಗ ಅಂತ ಈಗ ತಿಳೀತಿಲ್ಲ,
ಗೋಡೆ ಮುಟ್ಟಿಕೊಂಡೇ ಕೂತಿರೋಕಾಗುತ್ತಾ?

ಚೀಟಿ ಬರೆಸಿದ್ದೇನೆ.
ಗಲ್ಲಾದ ಮೇಲೆ ಇದೆ, ಮೇಲೊಂದು ಸ್ಕ್ರೂಡ್ರೈವರ್ ಇಟ್ಟು.
ಯಾರ ಹತ್ತಿರ ಕಳಿಸೋದು
ಇನ್ನೂ ಹೊಳೆದಿಲ್ಲ.