ತಟ್ಟೆ ಸಂಘ

ಸ್ಮರಣ ಸಂಚಿಕೆಗೆ ಒಂದು ಪುಟ ಬೇಕೆಂದು ಬಂದ ಹುಡುಗಿ
ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಕೇಳುತ್ತಾಳೆ:
ಸ್ಥಾಪನೆ ಯಾವಾಗ, ಮೇಡಂ? ಲಾಂಛನ? ಧ್ಯೇಯವಾಕ್ಯ?

ಕೂತ್ಕೋ ಇಂಚರಾ, ಕಾಫಿ ಆರುತ್ತೆ.
ಲಾಂಛನ ನಿನ್ನ ತೊಡೆಮೇಲೇ ಇದೆ,
ಚಕ್ಕುಲಿ ಇಟ್ಟುಕೊಟ್ಟೆನಲ್ಲ, ಆ ತಟ್ಟೆ.
ಅಂಚು ತಿರುಗಿಸಿ ನೋಡು,
ಚುಕ್ಕಿ ಚುಕ್ಕಿ ಕೊರೆದ ಅಕ್ಷರ:
ಕೆ. ಎಸ್. ಜವರೇಗೌಡ, ಕಟ್ಟಾಯ.
ನನ್ನ ಅಪ್ಪನಲ್ಲ, ತಾತನಲ್ಲ,
ಮುಖ ಕಂಡವಳಲ್ಲ ನಾನು.
ಐವತ್ತು ವರ್ಷದಿಂದ ಅವರ ಮೇಲೆ ಉಣ್ಣುತ್ತಿದ್ದೇನೆ.

ಎಪ್ಪತ್ತಮೂರರ ಜುಲೈ.
ಸಾಲಗಾಮೆ ರಸ್ತೆಯ ಹಾಸ್ಟೆಲು, ಶೀಟಿನ ಮಾಡು,
ಹದಿನೆಂಟು ಹುಡುಗಿಯರಿಗೆ ಒಂದೇ ನಲ್ಲಿ.
ಹಾಸನವಲ್ಲವೆ, ಬೆಳಗ್ಗೆ ಆಲೂಗೆಡ್ಡೆ ಪಲ್ಯ,
ರಾತ್ರಿ ಆಲೂಗೆಡ್ಡೆ ಸಾರು,
ಭಾನುವಾರ ಅದೇ, ಸಿಪ್ಪೆ ಸಮೇತ.
ತಟ್ಟೆ ಮನೆಯಿಂದ ತರಬೇಕು, ನಿಯಮ.
ಸ್ಟೀಲೋ ಹಿತ್ತಾಳೆಯೋ, ಮೇಲೆ ಮನೆತನ.
ಹೆಣ್ಣುಮಕ್ಕಳ ಹಾಸ್ಟೆಲು,
ಕಪಾಟಿನ ತುಂಬ ಗಂಡಸರ ಹೆಸರು.

ಆಲೂರು ಕಡೆಯ ದ್ಯಾವೀರಮ್ಮನದು ಮಾತ್ರ ಅಲ್ಯೂಮಿನಿಯಂ.
ಹೆಸರಿಲ್ಲ. ಅಂಚಿನಲ್ಲೊಂದು ನೆಗ್ಗು.
ಅದು ಕಪಾಟಿನಲ್ಲಿರಲಿಲ್ಲ,
ಬಾಗಿಲಾಚೆ, ಪೊರಕೆಯ ಪಕ್ಕ, ಗೋಡೆಗೊರಗಿ.
ಅಲ್ಲಿಡು ಎಂದು ಯಾರೂ ಹೇಳಿರಲಿಲ್ಲ.
ಒಳಗಿಡು ಎಂದೂ.

ಒಂದು ರಾತ್ರಿ ಕರೆಂಟು ಹೋಯಿತು.
ಲಿಲ್ಲಿ ಮೆನೇಜಸ್, ಸಕಲೇಶಪುರದವಳು, ಬಾಯಿ ಜಾಸ್ತಿ,
ಒಳಗಿನವು ಹೊರಗಿನದು ಎಲ್ಲ ಬಾಚಿ
ಆಲೂಗೆಡ್ಡೆಯ ಖಾಲಿ ಚೀಲಕ್ಕೆ ಸುರಿದು
ಗಲಗಲ ಕುಲುಕಿದಳು:
ಕೈಗೆ ಸಿಕ್ಕಿದ್ದು ಅವರವರದು ಕಣ್ರೇ,
ಇವತ್ತಿಗಲ್ಲ, ಇನ್ನು ಮೇಲಕ್ಕೂ.

ಅದೇ ಸ್ಥಾಪನೆ. ಬರಕೋ.
ಯಾರೂ ದೀಪ ಬೆಳಗಿಸಲಿಲ್ಲ, ಇದ್ದ ದೀಪವೇ ಹೋಗಿತ್ತು.

ಆಮೇಲೆ ಪ್ರತಿ ಜೂನಿಗೂ ಚೀಲ ಬಂತು.
ಹೊಸಬರು ಅಳುತ್ತಾ ತಾತಂದಿರನ್ನು ಒಪ್ಪಿಸಿದರು.
ಪೆನ್ಷನ್ ಮೊಹಲ್ಲಾದ ಜುಲೇಖಾಳ ಪರೀಕ್ಷೆ ಫೀಸಿಗೆ
ಒಂದು ತಿಂಗಳು ಸಂಜೆಯ ಹಾಲು ಬಿಟ್ಟು
ಗೇಟಿನಾಚೆಯ ಟೀ ಅಂಗಡಿಗೆ ಮಾರಿದೆವು,
ನೀರು ಬೆರೆಸಿದ್ದೂ ಉಂಟು, ಅದು ಬೇಡ.
ಪುಟ್ಟನಂಜಿಯನ್ನು ನಡುವರ್ಷ ಮದುವೆಗೆ ಕರೆದೊಯ್ಯಲು
ಅವಳ ಮಾವ ಜೀಪು ತಂದಾಗ
ಹದಿನೇಳು ಜನ ಗೇಟಿಗಡ್ಡ ಕೂತು ತಟ್ಟೆ ಬಡಿದೆವು.
ಜೀಪು ತಿರುಗಿತು. ಮಾರನೆ ವಾರ ಮತ್ತೆ ಬಂತು,
ಆಗ ನಮಗೆಲ್ಲ ಪರೀಕ್ಷೆ.
ಅವಳ ತಟ್ಟೆ ಕಪಾಟಿನಲ್ಲೇ ಉಳಿಯಿತು.

ಧ್ಯೇಯವಾ?
ಇದನ್ನು ಬರೆಯಬೇಡ. ಅಥವಾ ಇದನ್ನೇ ಬರಿ.

ಆ ಮೊದಲ ರಾತ್ರಿ, ಚೀಲದೊಳಗೆ,
ನನ್ನ ಬೆರಳಿಗೆ ತಾಗಿದ್ದು ನೆಗ್ಗು.
ಹಗುರ. ಗೊತ್ತಾಯಿತು.
ಸದ್ದಾಗದ ಹಾಗೆ ಅಲ್ಲೇ ಬಿಟ್ಟು
ಪಕ್ಕದ್ದು ಹಿಡಿದೆ. ಅದೇ ಈ ಕಟ್ಟಾಯದ ಗೌಡರು.
ಆದರೆ ಅಲ್ಯೂಮಿನಿಯಂ, ಎಷ್ಟು ಮೆತ್ತಗೆ ಬಿಟ್ಟರೂ
ಸ್ಟೀಲಿನ ಮೇಲೆ ಬೇರೆಯದೇ ದನಿ ಮಾಡುತ್ತೆ.
ಕರೆಂಟು ಬಂತು.
ನೆಗ್ಗಿನ ತಟ್ಟೆ ಲಿಲ್ಲಿಯ ಮುಂದೆ.
ದ್ಯಾವೀರಮ್ಮನ ಮುಂದೆ, ನೋಡು, ನನ್ನದೇ,
ನನ್ನ ತಾತನ ಮೂರು ಅಕ್ಷರ ಅವಳ ಕಡೆಗೆ ಮುಖಮಾಡಿ.
ಅವಳು ಒಮ್ಮೆ ನನ್ನ ನೋಡಿದಳು,
ಅನ್ನ ಕಲಸಿದಳು.

ಅರಕಲಗೂಡಿನಲ್ಲಿ ಹೆಡ್‌ಮೇಡಂ ಆಗಿ ರಿಟೈರಾದಳು.
ಪ್ರತಿ ಸಲ ಫೋನ್ ಮಾಡಿದರೂ
ಬರ್ತೀನಿ ಬಿಡೇ ಅನ್ನುತ್ತಾಳೆ,
ಒಂದು ಗ್ರೂಪ್ ಫೋಟೋದಲ್ಲೂ ಇಲ್ಲ.
ತಾತನ ತಟ್ಟೆ ಅವಳ ಮನೆಯಲ್ಲಿದೆಯಂತೆ,
ಮೊಮ್ಮಗುವಿಗೆ ಉಣ್ಣಿಸಲೋ, ಸೋಪು ಇಡಲೋ,
ನಾನು ಕೇಳಿಲ್ಲ.

ಇಂಚರ ಬರೆಯುವುದು ನಿಲ್ಲಿಸಿ ಹೇಳುತ್ತಾಳೆ,
ಈಗ ಮೆಸ್ಸಿನಲ್ಲಿ ಅಚ್ಚಿನ ತಟ್ಟೆ ಮೇಡಂ,
ಅನ್ನಕ್ಕೊಂದು ಗುಣಿ, ಪಲ್ಯಕ್ಕೊಂದು,
ಎಲ್ಲರದೂ ಒಂದೇ ಥರ, ಹೆಸರೇ ಇರೋಲ್ಲ.

ಒಳ್ಳೆಯದಾಯಿತು, ಅಂದೆ.
ಯಾರ ಪಕ್ಕ ಯಾರು ಕೂರ್ತೀರಿ?

ಚಕ್ಕುಲಿ ಮುರಿದಳು, ತಿನ್ನಲಿಲ್ಲ.