ಪೆರ್ಲ ಸೆಕ್ಷನ್ ಆಫೀಸು

ಕೊಲ್ಲಂ ಕಡೆಯಿಂದ ವರ್ಗವಾಗಿ ಬಂದ ಬಿಂದುಲೇಖ
ಕನ್ನಡ ಕಲಿತದ್ದು ನಮ್ಮ ದೂರುಗಳಿಂದ.

ಮೊದಲ ಪಾಠ: ಇಲ್ಲ.
ಎರಡನೆಯದು: ಇನ್ನೂ ಇಲ್ಲ.
ಆಮೇಲೆ ಬಿತ್ತು, ತುಂಡಾಯಿತು, ಕರಟಿದ ವಾಸನೆ,
ಹಲಸಿನ ಗೆಲ್ಲು, ಗುಡ್ಡೆಯಾಚೆ, ಬೇಗ.
ಫೋನಿನ ಪಕ್ಕದ ನೋಟುಬುಕ್ಕಿನಲ್ಲಿ
ಎಲ್ಲವೂ ಮಲಯಾಳ ಲಿಪಿಯಲ್ಲಿ;
ಬೈಗುಳಕ್ಕೆ ಬೇರೆ ಪುಟ.

ಸ್ವರ್ಗದಲ್ಲಿ ಕರೆಂಟಿಲ್ಲ ಎಂದವರ ಫೋನು
ತಮಾಷೆಯೆಂದು ಇಟ್ಟುಬಿಟ್ಟಿದ್ದಳು ಮೊದಲ ವಾರ.
ಊರಿನ ಹೆಸರೆಂದು ನಾನೇ ಹೇಳಬೇಕಾಯಿತು.

ಮೊನ್ನೆ ಗಾಳಿಗೆ ಅಡ್ಕಸ್ಥಳದಾಚೆ ಕಂಬ ಮಗುಚಿತು.
ಅದು ಕರ್ನಾಟಕದ್ದು ಮೇಡಂ, ನಮ್ಮದಲ್ಲ, ಎಂದೆ.
ನೋಟುಬುಕ್ಕು ನೋಡದೆಯೇ ಹೇಳಿದಳು:
"ಗುಡ್ಡೆಯಾಚೆ. ಬೇಗ."
ಜೀಪಿಗೆ ಏಣಿ ಕಟ್ಟಿದೆವು.
ಆಚೆಯ ಲೈನ್‌ಮನ್ ಕೆಳಗೆ ಏಣಿ ಹಿಡಿದ,
ನಾನು ಮೇಲೆ.
ಅವನ ಕಟಿಂಗ್ ಪ್ಲೇಯರ್
ಇನ್ನೂ ನನ್ನ ಚೀಲದಲ್ಲುಂಟು, ಕೊಡಬೇಕು.

ಬೆಳಗಿನ ಜಾವ ಫೋನು.
ಯಾರೋ ಅಜ್ಜಿ. "ಬಂತು ಮಗಾ" ಅಂದರಂತೆ,
ಅಷ್ಟೇ, ಇಟ್ಟರಂತೆ.

ಬಂದಾಗ ಯಾರು ಫೋನು ಮಾಡುತ್ತಾರೆ?
ಹದಿನೇಳು ವರ್ಷದ ಸರ್ವಿಸಿನಲ್ಲಿ ನಾನೂ ಕೇಳಿಲ್ಲ.

ಒದ್ದೆ ಶರ್ಟು ಹಿಂಡುತ್ತಿದ್ದೆ.
ಬಿಂದುಲೇಖ ಪೆನ್ನು ಹಿಡಿದು ಬಾಗಿಲಿಗೆ ಬಂದಳು:
"ಐತ್ತಪ್ಪಣ್ಣಾ, ಬಂತು ಅಂದರೆ
ಏನು ಬಿದ್ದದ್ದು?"